ಬಂಡೆಯ ಅಂದಾಜು ತಪ್ಪಿದರೆ ಎಲ್‌1 ಲೆಕ್ಕವೂ ತಪ್ಪು

ಚಿತ್ರದುರ್ಗದ ಸುತ್ತ ನೀರಿನ ಪೈಪ್‌ಲೈನ್‌ಗೆ ಟ್ರೆಂಚ್ ತೆಗೆಸುವವರಿಗೆ ಗೊತ್ತು, ಎರಡಡಿ ಮಣ್ಣು ಹೋದ ಕೂಡಲೇ ಬಂಡೆ ತಾಗುವ ಜಾಗಗಳು ಎಷ್ಟಿವೆ ಎಂದು. ದಾವಣಗೆರೆ ಕಡೆಯ ಎರೆಭೂಮಿಯಲ್ಲಿ ಅಗೆತ ಸಲೀಸು, ಆದರೆ ಮಳೆ ಬಿದ್ದರೆ ಟ್ರೆಂಚ್‌ನ ಬದಿ ಕುಸಿಯುತ್ತದೆ. ನೆಲ ಇಷ್ಟು ಬೇರೆಯಿದ್ದೂ ಹಳೆಯ ಅಂದಾಜು ಪಟ್ಟಿಯಲ್ಲೇ ಊರಿನ ಹೆಸರು ಬದಲಿಸಿ ಟೆಂಡರ್ ಕರೆದರೆ, ಮುಂದಿನ ಪ್ರಕ್ರಿಯೆ ಎಷ್ಟೇ ಶುದ್ಧವಾಗಿ ನಡೆದರೂ ಹಣ ಸೋರುತ್ತದೆ.

ಒಂದು ಲೆಕ್ಕ ನೋಡಿ. ಅಂದಾಜಿನಲ್ಲಿ ಮಣ್ಣು 4,000 ಘನ ಮೀಟರ್, ಗಟ್ಟಿ ಬಂಡೆ 500 ಘನ ಮೀಟರ್ ಎಂದು ಬರೆದಿದೆ ಎನ್ನೋಣ. ಮೊದಲನೆಯ ಗುತ್ತಿಗೆದಾರ ಮಣ್ಣಿಗೆ 200 ರೂಪಾಯಿ, ಬಂಡೆಗೆ 1,800 ರೂಪಾಯಿ ಹಾಕುತ್ತಾರೆ. ಒಟ್ಟು 17 ಲಕ್ಷ. ಎರಡನೆಯವರದು 260 ಮತ್ತು 1,400. ಒಟ್ಟು 17.40 ಲಕ್ಷ. 40 ಸಾವಿರ ಕಡಿಮೆ ಇರುವ ಮೊದಲನೆಯವರೇ ಎಲ್‌1, ಅಂದರೆ ಅತಿ ಕಡಿಮೆ ಮೊತ್ತದ ಬಿಡ್ಡರ್. ಕೆಲಸ ಶುರುವಾದ ಮೇಲೆ ಸಿಕ್ಕಿದ್ದು ಮಣ್ಣು 2,500, ಬಂಡೆ 2,000 ಘನ ಮೀಟರ್. ಈಗ ಮೊದಲನೆಯವರ ದರದಲ್ಲಿ ಬಿಲ್ಲು 41 ಲಕ್ಷ, ಎರಡನೆಯವರ ದರದಲ್ಲಿ 34.50 ಲಕ್ಷ. ನೆಲ ನೋಡಿಬಂದ ಬಿಡ್ಡರ್‌ಗೆ ಬಂಡೆ ಹೆಚ್ಚಿದೆ ಎಂದು ಗೊತ್ತಿತ್ತು, ಅಂದಾಜು ಮಾಡಿದವರಿಗೆ ಗೊತ್ತಿರಲಿಲ್ಲ. ಅಂತರ ಆರೂವರೆ ಲಕ್ಷ. ಪ್ರಮಾಣ ಒಂದು ಮಿತಿ ದಾಟಿದರೆ ಹೆಚ್ಚುವರಿಗೆ ಬೇರೆ ದರ ಎಂಬ ಷರತ್ತು ಹಲವು ಕರಾರುಗಳಲ್ಲಿ ಇರುತ್ತದೆ. ಅದು ನಷ್ಟವನ್ನು ತಗ್ಗಿಸಬಹುದು, ಜೊತೆಗೆ ತಕರಾರನ್ನೂ ತರುತ್ತದೆ.

ಇದಕ್ಕೆ ಮದ್ದು ಟ್ರಯಲ್ ಪಿಟ್. ಪೈಪ್ ಹಾಯುವ ದಾರಿಯಲ್ಲಿ, ನೆಲದ ಬಣ್ಣ ಮತ್ತು ಏರಿಳಿತ ಬದಲಾಗುವ ಪ್ರತಿ ಕಡೆ, ಟ್ರೆಂಚ್‌ನ ಪೂರ್ತಿ ಆಳಕ್ಕೆ ಗುಂಡಿ ತೆಗೆಸಬೇಕು. ಅರ್ಧ ಆಳಕ್ಕೆ ನಿಲ್ಲಿಸಿದರೆ ಬಂಡೆ ಕಾಣುವುದೇ ಇಲ್ಲ. ಚೈನೇಜ್ (ಪೈಪ್ ದಾರಿಯ ಆರಂಭದಿಂದ ಗುಂಡಿಗಿರುವ ದೂರ), ಮಣ್ಣಿನ ಆಳ, ಬಂಡೆ ಸಿಕ್ಕ ಮಟ್ಟ, ಫೋಟೊ ಎಲ್ಲವನ್ನೂ ದಾಖಲಿಸಿ ಟೆಂಡರ್ ದಾಖಲೆಗೆ ಲಗತ್ತಿಸಬೇಕು. ಆಗ ಎಲ್ಲ ಬಿಡ್ಡರ್‌ಗಳ ಕೈಯಲ್ಲೂ ಒಂದೇ ಮಾಹಿತಿ ಇರುತ್ತದೆ. ನನ್ನ ಪ್ರಕಾರ ಸ್ಪರ್ಧೆ ಎಂದರೆ ಮೊದಲು ಇದು.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999, ನಾವೆಲ್ಲ ಕೆಟಿಪಿಪಿ ಎನ್ನುವ ಕಾಯ್ದೆ, ಪಾಲಿಕೆಗೂ ಬೆಸ್ಕಾಂಗೂ ಅನ್ವಯಿಸುತ್ತದೆ. ಅದರ 13ನೇ ಪ್ರಕರಣ ಹೇಳುವ 'ಅತಿ ಕಡಿಮೆ ಟೆಂಡರ್' ಬರೀ ಮೊತ್ತದಿಂದ ತೀರ್ಮಾನವಾಗುವುದಲ್ಲ. ದಾಖಲೆಯಲ್ಲಿ ಮೊದಲೇ ಬರೆದಿಟ್ಟ, ಅಳೆಯಲು ಬರುವ ಮಾನದಂಡಗಳ ಮೇಲೆ ಅದು ನಿರ್ಧಾರವಾಗಬೇಕು. ಟ್ರಾನ್ಸ್‌ಫಾರ್ಮರ್ ಖರೀದಿಯಲ್ಲಿ ನೋ-ಲೋಡ್ ನಷ್ಟ (ಹೊರೆ ಇಲ್ಲದಾಗಲೂ ಆಗುವ ವಿದ್ಯುತ್ ನಷ್ಟ), ಲೋಡ್ ನಷ್ಟ (ಹೊರೆಯಿಂದ ಆಗುವ ನಷ್ಟ) ಇವುಗಳಿಗೆ ವಾಟ್‌ಗೆ ಇಷ್ಟು ರೂಪಾಯಿ ಎಂದು ಮೊದಲೇ ಬರೆದಿದ್ದರೆ ಅದನ್ನು ಬೆಲೆಗೆ ಸೇರಿಸಿ ಹೋಲಿಸಬಹುದು. ಬರೆಯದಿದ್ದರೆ ಬಿಡ್ ತೆರೆದ ಮೇಲೆ ಸೇರಿಸುವಂತಿಲ್ಲ. 'ಉತ್ತಮ ಗುಣಮಟ್ಟದ', 'ಹೆಸರಾಂತ ಕಂಪನಿಯ' ಎಂಬ ಪದಗಳನ್ನು ದಾಖಲೆಯಿಂದ ತೆಗೆದುಹಾಕಿ. ಅವುಗಳನ್ನು ಅಳೆಯಲಾಗದು, ತಕರಾರು ಹುಟ್ಟುವುದೇ ಅಲ್ಲಿ.

ತಾಂತ್ರಿಕ ಬಿಡ್‌ನಲ್ಲಿ ಸಣ್ಣ ಗುತ್ತಿಗೆದಾರರು ಹೆಚ್ಚು ಎಡವುವುದು ಬಿಡ್ ಸಾಮರ್ಥ್ಯದ, ಅಂದರೆ ಇನ್ನೆಷ್ಟು ಕೆಲಸ ಹೊರಬಲ್ಲರು ಎಂಬ ಲೆಕ್ಕದಲ್ಲಿ. ದೊಡ್ಡ ಕಾಮಗಾರಿಗಳ ಕೆಡಬ್ಲ್ಯು-4 ಎಂಬ ಮಾದರಿ ಟೆಂಡರ್ ದಾಖಲೆಯಲ್ಲಿ ಸೂತ್ರ ಹೀಗಿರುತ್ತದೆ: ಎ × ಎನ್ × 1.5 − ಬಿ. ಎ ಎಂದರೆ ಹಿಂದಿನ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಕಾಮಗಾರಿ ಮೌಲ್ಯ, ಎನ್ ಈ ಕೆಲಸಕ್ಕೆ ಕೊಟ್ಟ ವರ್ಷಗಳು, ಬಿ ಆ ಅವಧಿಯಲ್ಲಿ ಮುಗಿಸಬೇಕಾದ ಈಗಾಗಲೇ ಕೈಯಲ್ಲಿರುವ ಕೆಲಸ. ಎ 4 ಕೋಟಿ, ಎನ್ ಒಂದೂವರೆ ವರ್ಷ, ಬಿ 5.5 ಕೋಟಿ ಇದ್ದರೆ 9ರಲ್ಲಿ 5.5 ಕಳೆದು ಉಳಿಯುವುದು 3.5 ಕೋಟಿ. 4 ಕೋಟಿಯ ಟೆಂಡರ್‌ಗೆ ಈ ಬಿಡ್ ನಿಲ್ಲದು. ಕೈಯಲ್ಲಿರುವ ಒಂದು ಕೆಲಸ ಬಿಟ್ಟು ಬಿ ಕಡಿಮೆ ತೋರಿಸುವುದು ಇನ್ನೂ ಕೆಟ್ಟದ್ದು. ಅದು ಸುಳ್ಳು ಮಾಹಿತಿಯಾಗಿ ಅನರ್ಹತೆಗೆ ದಾರಿಯಾಗುತ್ತದೆ.

ಇನ್ನು ದರದ ವಿಷಯ. ಎಲ್‌1 ದರಗಳು ಅಂದಾಜಿಗೆ ಹೋಲಿಸಿ ತೀರಾ ಏರುಪೇರಾಗಿದ್ದರೆ ದರ ವಿಶ್ಲೇಷಣೆ ಕೇಳಲು, ಹೆಚ್ಚುವರಿ ಭದ್ರತಾ ಠೇವಣಿ ಪಡೆಯಲು ಕೆಡಬ್ಲ್ಯು-4ರಲ್ಲಿ ಅವಕಾಶವಿದೆ. ಒಟ್ಟು ಮೊತ್ತ ಮಾತ್ರ ನೋಡಿ ಕಡತ ಮೇಲಕ್ಕೆ ಕಳಿಸುವ ಎಂಜಿನಿಯರ್ ಈ ರಕ್ಷಣೆಯನ್ನು ಬಿಟ್ಟುಕೊಡುತ್ತಾರೆ. ಐಟಂವಾರು ಹೋಲಿಕೆಯ ತಖ್ತೆ ಮಾಡಿ, ಪ್ರತಿ ಐಟಂನ ಮುಂದೆ ಎಸ್‌ಆರ್ (ಇಲಾಖೆಯ ದರಪಟ್ಟಿ) ದರ ಬರೆದು, ಬಂಡೆ ಎರಡರಷ್ಟು ಸಿಕ್ಕರೆ ಯಾರು ಎಲ್‌1 ಆಗುತ್ತಾರೆ ಎಂದು ಒಮ್ಮೆ ಲೆಕ್ಕ ಹಾಕಿ. ಎಲ್‌1 ಬದಲಾದರೆ ತಪ್ಪು ಅಂದಾಜಿನಲ್ಲಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡುವುದು ಕಾರ್ಯಾದೇಶಕ್ಕೆ ಮುಂಚೆಯೇ ಆಗಬೇಕು.

13ನೇ ಪ್ರಕರಣದಡಿ ಟೆಂಡರ್ ಅಂಗೀಕರಿಸುವ ಪ್ರಾಧಿಕಾರ ಹೊರಡಿಸಿದ ಆದೇಶದಿಂದ ಅನ್ಯಾಯವಾಯಿತು ಎನಿಸಿದರೆ 16ನೇ ಪ್ರಕರಣದಡಿ ಮೇಲ್ಮನವಿ ಇದೆ. ಆದೇಶ ಕೈಸೇರಿದ ದಿನದಿಂದ 30 ದಿನದೊಳಗೆ ಸಲ್ಲಿಸಬೇಕು. ಟೆಂಡರ್ ದಾಖಲೆಯ ಯಾವ ಷರತ್ತು, ನಿಮ್ಮ ಬಿಡ್‌ನ ಯಾವ ಪುಟ, ಆದೇಶದಲ್ಲಿ ಕೊಟ್ಟ ಕಾರಣ ಯಾವುದು, ಈ ಮೂರನ್ನೂ ಅಕ್ಕಪಕ್ಕ ಇಟ್ಟು ಬರೆಯಿರಿ. ಟೆಂಡರ್ ಪೋರ್ಟಲ್‌ನಿಂದ ದಾಖಲೆಗಳನ್ನು ಬಿಡ್ ಹಾಕಿದ ದಿನವೇ ಇಳಿಸಿಟ್ಟುಕೊಂಡಿರಬೇಕು.