ಘಾಟಿ ಏರುವ ಸೈಕಲ್ ಬೇಕಾ? ಮೊದಲು ಹಲ್ಲು ಎಣಿಸಿ

ಪ್ರಶ್ನೆ: ನಮ್ಮದು ಮಲೆನಾಡು. ಟಾರ್ ರೋಡ್ ಬಿಟ್ಟರೆ ತೋಟದ ಮಣ್ಣುದಾರಿ, ಎತ್ತ ಹೋದರೂ ಏರು. 50 ಸಾವಿರದೊಳಗೆ ಒಂದು ಗ್ರಾವೆಲ್ ಬೈಕ್ (ಜಲ್ಲಿ, ಮಣ್ಣುದಾರಿಗೂ ಆಗುವ ದಪ್ಪ ಟೈರಿನ ಸೈಕಲ್) ತಗೊಳ್ಳೋಣ ಅಂತಿದ್ದೇನೆ. ಏನು ನೋಡಿ ತಗೊಳ್ಳಲಿ? ಸೈಕಲ್ ಹಗುರ ಇದ್ದಷ್ಟೂ ಏರು ಸುಲಭ ಅಂತಾರೆ, ನಿಜವಾ?

ಉತ್ತರ: ನಿಜ. ಆದರೆ ನೀವು ಅಂದುಕೊಂಡಷ್ಟಲ್ಲ. ಈ ಮಾತು ನಂಬಿ ನಾನೇ ಒಮ್ಮೆ ಕೆಟ್ಟಿದ್ದೇನೆ.

ಕೆಲವು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡೆ. ಒಂದೇ ಕೈಯಲ್ಲಿ ಎತ್ತಿ ನೋಡಿದೆ, ಹಗುರ ಇತ್ತು. ಅಷ್ಟಕ್ಕೇ ಖುಷಿಯಾಗಿ ದುಡ್ಡು ಕೊಟ್ಟೆ. ಮುಂದಿನ ವಾರವೇ ಮೂಡಿಗೆರೆ ಕಡೆ ಒಂದು ಕಾಫಿ ತೋಟದ ದಾರಿಯಲ್ಲಿ ಮೂರನೇ ತಿರುವಿಗೇ ಇಳಿದು ತಳ್ಳುತ್ತಿದ್ದೆ. ತಲೆ ಮೇಲೆ ಸೌದೆ ಹೊರೆ ಹೊತ್ತ ಅಜ್ಜಿಯೊಬ್ಬರು ನನ್ನನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ ಕೇಳಿದರು: "ಗೇರ್ ಸೈಕಲ್ ಅಲ್ವೇನಪ್ಪಾ ಅದು?"

ಗೇರ್ ಇತ್ತು. ಏರಿಗೆ ಬೇಕಾದ ಗೇರ್ ಇರಲಿಲ್ಲ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡ್ತಾರಲ್ಲ, ಸೈಕಲ್ ವಿಷಯದಲ್ಲೂ ಅದೇ ಕೆಲಸ ಮಾಡಿ. ಪೆಡಲ್ ಹತ್ತಿರದ ಚೈನ್ ಚಕ್ರಗಳಲ್ಲಿ ಅತಿ ಚಿಕ್ಕದರ ಹಲ್ಲು ಎಣಿಸಿ. ಹಿಂದಿನ ಗಾಲಿಯ ಹಲ್ಲುಚಕ್ರಗಳಲ್ಲಿ ಅತಿ ದೊಡ್ಡದರ ಹಲ್ಲು ಎಣಿಸಿ. ಹಿಂದಿನದು ಮುಂದಿನದಕ್ಕಿಂತ ಜಾಸ್ತಿ ಇರಬೇಕು. ಮಲೆನಾಡಿಗೆ ಗ್ರಾವೆಲ್ ಬೈಕ್ ಹುಡುಕುವವರು ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ.

ಯಾಕೆ ಅಂತ ಲೆಕ್ಕ ಹಾಕೋಣ. ನನ್ನ ಆ ಸೈಕಲ್‌ನಲ್ಲಿ ಮುಂದೆ 34, ಹಿಂದೆ 28. ಭಾಗಿಸಿದರೆ 1.21. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಒಂದೂಕಾಲು ಸುತ್ತಿನ ಹತ್ತಿರ ತಿರುಗುತ್ತದೆ. 40 ಮಿಲಿಮೀಟರ್ ಅಗಲದ ಟೈರ್ ಹಾಕಿದ, 700ಸಿ ಅನ್ನುವ ಅಳತೆಯ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 9.6 ಕಿಲೋಮೀಟರ್. ಸಮತಟ್ಟು ರೋಡಲ್ಲಿ ಇದು ಆಮೆ ನಡಿಗೆ. ಆದರೆ 100 ಮೀಟರ್ ಮುಂದೆ ಹೋದಾಗ 10 ಮೀಟರ್ ಮೇಲೇರುವ ದಾರಿಯಲ್ಲಿ, ನೀವು, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 85 ಕೆಜಿ ಇದ್ದರೆ, ಮೇಲೇರುವುದಕ್ಕೇ ಸುಮಾರು 220 ವಾಟ್ ಬೇಕು. ವಾರಕ್ಕೆ ಎರಡು ಸಲ ಸೈಕಲ್ ಹೊಡೆಯುವ ನಮ್ಮಂಥವರಿಗೆ ಅಷ್ಟನ್ನು ಅರ್ಧ ಗಂಟೆ ಎಳೆಯುವುದು ಆಗದ ಮಾತು. ಆಗ ತುಳಿತ ನಿಧಾನವಾಗುತ್ತದೆ, ಒಂದೊಂದು ಸುತ್ತಿಗೂ ಮಂಡಿ ಮೇಲೆ ಭಾರ ಬೀಳುತ್ತದೆ, ಕೊನೆಗೆ ಕಾಲು ನೆಲಕ್ಕೆ.

ಈಗ ಮುಂದೆ 30, ಹಿಂದೆ 34 ಇರುವ ಸೈಕಲ್ ತಗೊಳ್ಳಿ. ಭಾಗಿಸಿದರೆ 0.88. ಅದೇ 60 ಸುತ್ತಿಗೆ ವೇಗ ಗಂಟೆಗೆ 7 ಕಿಲೋಮೀಟರ್, ಬೇಕಾಗುವುದು 160 ವಾಟ್ ಚಿಲ್ಲರೆ. ಮೈ ಬೆವರುತ್ತದೆ, ಆದರೆ ಪಕ್ಕದಲ್ಲಿರುವವರ ಜೊತೆ ಒಂದೊಂದು ಮಾತಾಡಿಕೊಂಡು ಹೋಗಬಹುದು.

ತೂಕದ್ದೂ ಲೆಕ್ಕ ನೋಡಿಬಿಡಿ. ಅದೇ 85 ಕೆಜಿಯಲ್ಲಿ ಸೈಕಲ್ 2 ಕೆಜಿ ಹಗುರಾದರೆ, ಒಂದು ಗಂಟೆಯ ಏರಿನಲ್ಲಿ ಉಳಿಯುವುದು ಒಂದೂವರೆ ನಿಮಿಷ. ಆ 2 ಕೆಜಿಗೆ ಅಂಗಡಿಯವರು ಕೇಳುವ ದುಡ್ಡು ಎಷ್ಟು ಅಂತ ಒಮ್ಮೆ ವಿಚಾರಿಸಿ. ಕಾರ್ಬನ್ ಫ್ರೇಮ್ ಮರೆತುಬಿಡಿ. ಅಲ್ಯೂಮಿನಿಯಂ ಸಾಕು, ಒಳ್ಳೆಯ ಸ್ಟೀಲ್ ಆದರೂ ಪರವಾಗಿಲ್ಲ.

ಗ್ರಾವೆಲ್ ಬೈಕ್ ಅಂದಮೇಲೆ ಏರಿಗೆ ತಕ್ಕ ಗೇರ್ ಇದ್ದೇ ಇರುತ್ತದೆ ಅಂತ ಎಷ್ಟೋ ಜನ ನಂಬಿರುತ್ತಾರೆ. ಈ ಜಾತಿಯ ಸೈಕಲ್‌ಗೆ ಹೆಸರು ತಂದುಕೊಟ್ಟದ್ದು ಅಮೆರಿಕದ ಜಲ್ಲಿ ರಸ್ತೆಗಳು. ಇವತ್ತು ಅನ್‌ಬೌಂಡ್ ಗ್ರಾವೆಲ್ ಅಂತ ಕರೆಯುವ ರೇಸ್ 2006ರಲ್ಲಿ ಶುರುವಾದದ್ದು ಕ್ಯಾನ್ಸಸ್‌ನಲ್ಲಿ. ಅಲ್ಲಿ ದಿಬ್ಬ ಹತ್ತಿ ಇಳಿಯುವುದು ಬೇಕಾದಷ್ಟಿದೆ, ಮುಳ್ಳಯ್ಯನಗಿರಿಯಂಥ ಏರು ಇಲ್ಲ. ಜೊತೆಗೆ, ಕಡಿಮೆ ಬೆಲೆಯ ಕೆಲವು ಗ್ರಾವೆಲ್ ಬೈಕ್‌ಗಳಲ್ಲಿ ರೋಡ್ ಬೈಕ್‌ನ 50/34 (ದೊಡ್ಡದಕ್ಕೆ 50 ಹಲ್ಲು, ಚಿಕ್ಕದಕ್ಕೆ 34) ಚೈನ್ ಚಕ್ರವನ್ನೇ ಹಾಕಿರುತ್ತಾರೆ. ಟೈರ್ ದಪ್ಪ ಇದೆ ಅಂತ ಮೋಸ ಹೋಗಬೇಡಿ.

ಎರಡು ಚೈನ್ ಚಕ್ರ ಬೇಕಾದರೆ 46/30 ಹುಡುಕಿ. ಸೈಕಲ್ ಬಿಡಿಭಾಗ ಮಾಡುವ ಶಿಮಾನೋದವರು 2019ರಲ್ಲಿ ಗ್ರಾವೆಲ್‌ಗೆಂದೇ ತಂದ ಜಿಆರ್‌ಎಕ್ಸ್ ಗೇರ್ ಸೆಟ್‌ನಲ್ಲಿ ಇದೇ ಅಳತೆ ಇದೆ. ಹೊಸದು ನಿಮ್ಮ ಬಜೆಟ್‌ಗೆ ಸಿಗುವುದು ಕಷ್ಟ, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದೃಷ್ಟ. ನಿಮ್ಮ ಜಾಗದಲ್ಲಿ ನಾನಿದ್ದರೆ ಮುಂದೆ ಒಂದೇ ಚೈನ್ ಚಕ್ರ ಇರುವುದನ್ನು ನೋಡುತ್ತಿದ್ದೆ. ಮೈಕ್ರೋಶಿಫ್ಟ್ ಕಂಪನಿಯ ಅಡ್ವೆಂಟ್ ಎಕ್ಸ್ ಗೇರ್ ಸೆಟ್‌ನಲ್ಲಿ ಹಿಂದೆ 11ರಿಂದ 48 ಹಲ್ಲಿನವರೆಗೆ 10 ಗೇರ್ ಇವೆ. ಮುಂದೆ 40 ಇದ್ದರೂ 0.83ಕ್ಕೆ ಇಳಿಯುತ್ತದೆ. ಗೇರ್‌ನಿಂದ ಗೇರ್‌ಗೆ ಸ್ವಲ್ಪ ದೊಡ್ಡ ಜಿಗಿತ ಇರುತ್ತದೆ, ನೇರ ರಸ್ತೆಯಲ್ಲಿ ಕಿರಿಕಿರಿ ಅನ್ನಿಸಬಹುದು. ನಿಮ್ಮೂರಲ್ಲಿ ನೇರ ರಸ್ತೆ ಎಲ್ಲಿದೆ ಹೇಳಿ?

ಏರಿದವರು ಇಳಿಯಲೇಬೇಕಲ್ಲ. 85 ಕೆಜಿ ಭಾರ 400 ಮೀಟರ್ ಕೆಳಗಿಳಿದರೆ ಹುಟ್ಟುವ ಶಕ್ತಿ ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಆಗುಂಬೆ ಘಾಟಿಯಂಥ ಇಳಿಜಾರಿನಲ್ಲಿ, ತಿರುವಿಗೊಮ್ಮೆ ವೇಗ ತಗ್ಗಿಸುವಾಗ, ಅದರಲ್ಲಿ ಬಹುಪಾಲು ಬ್ರೇಕ್‌ನಲ್ಲೇ ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಡಿಸ್ಕ್ ಬ್ರೇಕ್ ಬೇಕು ಅನ್ನುವುದು. ರಿಮ್ ಹಿಡಿಯುವ ಬ್ರೇಕ್ ಆದರೆ ಮಳೆಗಾಲದ ಕೆಮ್ಮಣ್ಣು ಅರದ ಹಾಗೆ ರಿಮ್ಮನ್ನೇ ತಿನ್ನುತ್ತದೆ.

ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್ ಡಿಸ್ಕೇ ಬೇಕು ಅಂತೇನಿಲ್ಲ. ಕೇಬಲ್ ಡಿಸ್ಕ್ ಆದರೆ ಕೇಬಲ್ ತುಂಡಾದರೂ ಪೇಟೆಯ ಯಾವುದೇ ಸೈಕಲ್ ಅಂಗಡಿಯಲ್ಲಿ ಹಾಕಿಸಬಹುದು. ಆದರೆ ಒಂದು ವಿಷಯ ನೋಡಿಕೊಳ್ಳಿ. ಅಗ್ಗದ ಕೇಬಲ್ ಡಿಸ್ಕ್‌ನಲ್ಲಿ ಒಂದೇ ಕಡೆಯ ಪ್ಯಾಡ್ ಅಲುಗುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ. ಸವೆದಂತೆಲ್ಲ ಅದನ್ನು ಕೈಯಿಂದ ತಿರುಗಿಸಿ ಒಳಗೆ ತರಬೇಕು. ಇದು ಗೊತ್ತಿಲ್ಲದೆ "ಬ್ರೇಕೇ ಹಿಡಿಯಲ್ಲ" ಅಂತ ಬೈಯುವವರು ಜಾಸ್ತಿ. ಟಿಆರ್‌ಪಿ ಸ್ಪೈರ್ ತರಹ ಎರಡೂ ಪ್ಯಾಡ್ ಒತ್ತುವ ಕೇಬಲ್ ಬ್ರೇಕ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಒಂದು ಜೊತೆ ಪ್ಯಾಡ್ ಬ್ಯಾಗಲ್ಲಿ ಇಟ್ಟುಕೊಂಡಿರಿ.

ಟೈರ್ 40 ಮಿಲಿಮೀಟರ್ ಇರಲಿ, ಫ್ರೇಮಿಗೂ ಟೈರಿಗೂ ನಡುವೆ ಎರಡೂ ಕಡೆ ಕಿರುಬೆರಳು ತೂರುವಷ್ಟು ಜಾಗ ಇರಲಿ. ಇಲ್ಲದಿದ್ದರೆ ಜುಲೈ ತಿಂಗಳ ಕೆಸರು ಅಲ್ಲಿ ಸಿಕ್ಕಿಕೊಂಡು ಗಾಲಿಯೇ ನಿಲ್ಲುತ್ತದೆ. ಗಾಳಿಯನ್ನು ಕಲ್ಲಿನ ಹಾಗೆ ಹೊಡೆಸಬೇಡಿ. 70 ಕೆಜಿ ಆಸುಪಾಸಿನವರಿಗೆ 35ರಿಂದ 45 ಪಿಎಸ್‌ಐ ಸಾಕು. ಗಟ್ಟಿಯಾದರೆ ಏರಿನಲ್ಲಿ ಹಿಂದಿನ ಗಾಲಿ ಜಲ್ಲಿ ಮೇಲೆ ಜಾರುತ್ತದೆ. ತೀರಾ ಕಡಿಮೆಯಾದರೆ ಕಲ್ಲಿಗೆ ಬಡಿದು ಟ್ಯೂಬ್ ಪಂಕ್ಚರ್ ಆಗುತ್ತದೆ. ಇಂಬಳ ಕಾಲಿಗೆ ಹತ್ತುವಾಗ ನಿಂತು ಟ್ಯೂಬ್ ಬದಲಿಸಿದವರಿಗೇ ಗೊತ್ತು ಆ ಕಷ್ಟ.

ಬಜೆಟ್ 50 ಸಾವಿರವಲ್ಲ, ಅದರರ್ಧ ಮಾತ್ರ ಅನ್ನುವವರೂ ಇದ್ದಾರೆ. ಅವರಿಗೆ ನನ್ನ ಸಲಹೆ, ಗ್ರಾವೆಲ್ ಅನ್ನುವ ಹೆಸರಿನ ಹಿಂದೆ ಬೀಳಬೇಡಿ. ಮುಂದೆ ಮೂರು ಚೈನ್ ಚಕ್ರ ಇರುವ, ಸಸ್ಪೆನ್ಷನ್ ಇಲ್ಲದ ಹೈಬ್ರಿಡ್ (ರೋಡ್ ಬೈಕ್, ಎಂಟಿಬಿ ಎರಡರ ನಡುವಿನದು) ಅಥವಾ ಎಂಟಿಬಿ (ಮೌಂಟನ್ ಬೈಕ್) ನೋಡಿ. 42/34/24 ಇದ್ದು ಹಿಂದೆ 28 ಇದ್ದರೂ 0.86 ಬಂತು ನೋಡಿ, ದುಬಾರಿ ಸೈಕಲ್‌ಗೆ ಸಮ. ಅಗ್ಗದ ಸಸ್ಪೆನ್ಷನ್ ಫೋರ್ಕ್ ಸುಮ್ನೆ ಎರಡೂವರೆ ಕೆಜಿ ಭಾರ, ಏರಿನಲ್ಲಿ ನಿಂತು ತುಳಿದರೆ ಮುಂದಿನ ಗಾಲಿ ಮೇಲೆ ಕುಣಿಯುತ್ತದೆ ಅಷ್ಟೇ. ಹ್ಯಾಂಡಲ್ ನೇರವಾಗಿದ್ದರೆ ಏನೂ ಮುಳುಗಿಹೋಗಲ್ಲ.

ಈಗಾಗಲೇ ತಪ್ಪು ಗೇರಿನ ಸೈಕಲ್ ಮನೆಯಲ್ಲಿದ್ದರೆ ಮಾರಬೇಡಿ. ನನ್ನದು ಹಿಂದೆ 8 ಗೇರಿನದು. 11-34ರ ಹಲ್ಲುಚಕ್ರ ಹಾಕಿಸಿದೆ, ಉದ್ದ ತೋಳಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಮತ್ತು ಹೊಸ ಚೈನೂ ಬೇಕಾಯಿತು. ಹಳೆಯ ಡಿರೇಲರ್ ಎಷ್ಟು ಹಲ್ಲಿನವರೆಗೆ ತಡೆಯುತ್ತದೆ ಅಂತ ಮೊದಲೇ ಕೇಳಿಕೊಂಡರೆ ಅಂಗಡಿಗೆ ಎರಡು ಸಲ ಓಡಾಡುವುದು ತಪ್ಪುತ್ತದೆ, ನಾನು ಕೇಳಿರಲಿಲ್ಲ. ಈಗ ಮುಂದೆ 34, ಹಿಂದೆ 34. ಸರಿಸಮ, ಜಾಸ್ತಿಯಲ್ಲ. ಮೂಡಿಗೆರೆಯ ಆ ಮೂರನೇ ತಿರುವು ದಾಟುತ್ತೇನೆ. ಐದನೆಯದರಲ್ಲಿ ಈಗಲೂ ಇಳಿದು ತಳ್ಳುತ್ತೇನೆ.