"ಇಸಿಎಂ ಹೋಗಿದೆ ಸಾರ್"

ಹೋದ ವರ್ಷ ಅಕ್ಟೋಬರಿನ ಒಂದು ಸಂಜೆ. ಜೋರು ಮಳೆ. ಹೆಬ್ಬಾಳದ ಫ್ಲೈಓವರ್ ಇಳಿಯುವ ಹೊತ್ತಿಗೆ ಭಾವನವರ ಕಾರು ನಿಂತುಹೋಯಿತು. ಸೆಲ್ಫ್ ಹೊಡೆದರೆ ಸ್ಟಾರ್ಟರ್ ಚೆನ್ನಾಗಿಯೇ ತಿರುಗುತ್ತಿತ್ತು, ಇಂಜಿನ್ ಮಾತ್ರ ಹತ್ತಲಿಲ್ಲ. ಗಾಡಿಯನ್ನು ಟೋ ಮಾಡಿಸಿ ವರ್ಕ್‌ಶಾಪಿಗೆ ಬಿಟ್ಟರು. ಮರುದಿನ ಫೋನ್ ಬಂತು. "ಸ್ಕ್ಯಾನರ್ ಕನೆಕ್ಟ್ ಆಗ್ತಿಲ್ಲ. ಇಸಿಎಂ ಹೋಗಿದೆ ಸಾರ್. ಹೊಸದಕ್ಕೆ 42 ಸಾವಿರ ಆಗುತ್ತೆ."

ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ಸ್ಕ್ಯಾನರ್ ಅಂದರೆ ಗಾಡಿಯ ಸಾಕೆಟಿಗೆ ಚುಚ್ಚಿ ಅದರ ಜೊತೆ ಮಾತಾಡುವ ಉಪಕರಣ. ನೋಡಲು ಒಂದು ಅಲ್ಯುಮಿನಿಯಂ ಡಬ್ಬಿ, ಅದಕ್ಕೆ ಹತ್ತಾರು ವೈರುಗಳ ದಪ್ಪ ಕಪ್ಲರ್. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡ ಈಗ ಎಲ್ಲಿದೆ, ಎಷ್ಟು ಗಾಳಿ ಒಳಗೆ ಬರ್ತಾ ಇದೆ, ಇಂಜಿನ್ ಎಷ್ಟು ಬಿಸಿಯಾಗಿದೆ ಅಂತ ಸೆನ್ಸರ್‌ಗಳಿಂದ ಕೇಳಿ ತಿಳಿದುಕೊಂಡು, ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಯಾವಾಗ ಕಿಡಿ ಹಾರಿಸಬೇಕು ಅಂತ ಅದು ತೀರ್ಮಾನಿಸುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸಿಗುವ ಸಮಯ 20 ಮಿಲಿಸೆಕೆಂಡ್. ನಾಲ್ಕು ಸಿಲಿಂಡರಿನ ಗಾಡಿಗೆ ಆಗ ಸೆಕೆಂಡಿಗೆ 100 ಕಿಡಿ ಬೇಕು, ಪ್ರತಿಯೊಂದೂ ಸರಿಯಾದ ಗಳಿಗೆಗೇ ಬೇಕು. ಹಿಂದೆ ಈ ಕೆಲಸವನ್ನು ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಸ್ಪ್ರಿಂಗು, ಕ್ಯಾಮ್‌ಗಳೇ ಮಾಡುತ್ತಿದ್ದವು. ನಮ್ಮ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಡೀಸೆಲ್ ಪಂಪ್ ಅಂಥದ್ದೇ, ಕೈಯಲ್ಲಿ ಹಿಡಿದು ಬಿಚ್ಚಿ ನೋಡಬಹುದಾದ ಯಂತ್ರ. 2020ರ ಏಪ್ರಿಲ್ 1ರಂದು ಬಿಎಸ್6 ಹೊಗೆ ನಿಯಮ ಬಂದ ಮೇಲೆ ಸ್ಕೂಟರುಗಳಿಗೂ ಈ ಡಬ್ಬಿ ಬಂದುಬಿಟ್ಟಿದೆ.

ಒಳಗೆ ಏನು ನಡೆಯುತ್ತದೆ ಅಂತ ಕಣ್ಣಿಗೆ ಕಾಣದ ಕಾರಣ ತಪ್ಪನ್ನು ಅದರ ತಲೆಗೆ ಕಟ್ಟುವುದು ಸುಲಭ. ಆದರೆ ಸ್ಕ್ಯಾನರ್ ಮಾತಾಡಲಿಲ್ಲ ಅನ್ನುವುದು ಒಂದು ಲಕ್ಷಣ ಅಷ್ಟೇ, ಅದೇ ಕಾಯಿಲೆಯಲ್ಲ. ಯಾರಾದರೂ ಫೋನ್ ಎತ್ತಲಿಲ್ಲ ಅಂದರೆ ಅವರ ಫೋನ್ ಕೆಟ್ಟಿದೆ ಅಂತ ಅರ್ಥವೇ? ಚಾರ್ಜ್ ಇಲ್ಲದಿರಬಹುದು, ನೆಟ್‌ವರ್ಕ್ ಇಲ್ಲದಿರಬಹುದು. ಇಸಿಎಂ ವಿಷಯದಲ್ಲೂ ಮೊದಲು ಕೇಳಬೇಕಾದ್ದು ಅದನ್ನೇ. ಅದಕ್ಕೆ ಕರೆಂಟ್ ಸರಿಯಾಗಿ ಸಿಗುತ್ತಿದೆಯಾ? ಆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ, ಅಂದರೆ ಅರ್ಥ್, ಸರಿಯಾಗಿದೆಯಾ?

ಜೆ.ಸಿ. ರಸ್ತೆಯ ಪಕ್ಕದ ಒಂದು ಗಲ್ಲಿಯಲ್ಲಿ ಗಾಡಿ ವೈರಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುತ್ತಾರೆ. ಭಾವನವರ ಕಾರನ್ನು ಅಲ್ಲಿಗೆ ತಂದೆವು. ಅವರು ಸ್ಕ್ಯಾನರ್ ಮುಟ್ಟಲೇ ಇಲ್ಲ. ಮೊದಲು ಮಲ್ಟಿಮೀಟರ್ ಹಿಡಿದರು. ಬ್ಯಾಟರಿ 12.5 ವೋಲ್ಟ್. ಇಸಿಎಂ ಕಪ್ಲರ್ ಬಿಚ್ಚಿ, ಅದರ ಪವರ್ ವೈರಿಗೂ ಅರ್ಥ್ ವೈರಿಗೂ ನಡುವೆ ಅಳೆದರೆ ಹೆಚ್ಚುಕಡಿಮೆ ಅಷ್ಟೇ ಬಂತು. "ಎಲ್ಲ ಸರಿಯಿದೆಯಲ್ಲ ಭಾಯ್" ಅಂದರು ಭಾವ. "ಮೀಟರ್ ಮಾತು ನಂಬಬೇಡಿ ಸಾರ್, ತಾಳಿ" ಅಂತ ಅವರು ಡ್ರಾಯರಿನಿಂದ ಒಂದು ಬಲ್ಬ್ ತೆಗೆದರು. ಬ್ರೇಕ್ ಲೈಟಿಗೆ ಹಾಕುವ ಮಾಮೂಲಿ 21 ವ್ಯಾಟಿನ ಬಲ್ಬ್, ಎರಡು ವೈರು ಬೆಸುಗೆ ಹಾಕಿದ್ದು. ಪವರ್ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಹಿಡಿದರು. ಝಗ್ ಅಂತ ಹತ್ತಿತು. ಬ್ಯಾಟರಿಯ ಪಾಸಿಟಿವ್‌ಗೂ ಇಸಿಎಂನ ಅರ್ಥ್ ವೈರಿಗೂ ನಡುವೆ ಹಿಡಿದರು. ಬಲ್ಬಿನೊಳಗಿನ ತಂತಿ ಬರೀ ಕೆಂಪಗಾಯಿತು, ಬೆಳಕೇ ಇಲ್ಲ.

ಈ ಎರಡು ಅಳತೆಗಳ ವ್ಯತ್ಯಾಸದಲ್ಲೇ ಇಡೀ ವಿಜ್ಞಾನ ಇದೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ವೈರಿನ ಎಲ್ಲ ಎಳೆಗಳೂ ಕಿತ್ತು ಒಂದೇ ಒಂದು ಉಳಿದಿದ್ದರೂ ಅದು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಬಲ್ಬ್ ಹಾಗಲ್ಲ. ಪೂರ್ತಿ ಉರಿಯಲು ಅದಕ್ಕೆ ಒಂದೂಮುಕ್ಕಾಲು ಆಂಪಿಯರ್ ಬೇಕು. ಮನೆ ಮೇಲಿನ ಟ್ಯಾಂಕ್ ತುಂಬಿದೆ, ಪೈಪಿನೊಳಗೆ ಕಸ ಕಟ್ಟಿದೆ ಅಂದುಕೊಳ್ಳಿ. ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ. ತೆರೆದರೆ ಸಣ್ಣ ಧಾರೆ. ಇಸಿಎಂಗೂ ಇದೇ ಕಥೆ. ಅದು ಎದ್ದು ಕೆಲಸ ಶುರು ಮಾಡಲು ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತಿತ್ತು. ಸ್ಟಾರ್ಟರ್‌ಗೆ ಬೇರೆಯೇ ದಪ್ಪ ಅರ್ಥ್ ಕೇಬಲ್ ಇರುವುದರಿಂದ ಅದು ಮಾತ್ರ ಆರಾಮಾಗಿ ತಿರುಗುತ್ತಿತ್ತು.

ಭಾಯ್ ಬ್ಯಾಟರಿ ಟ್ರೇ ಎತ್ತಿದರು. ಅದರ ಕೆಳಗೆ ಬಾಡಿಗೆ ಬಿಗಿದ ಒಂದು ಬೋಲ್ಟು, ಅದರಲ್ಲಿ ಇಸಿಎಂನ ಅರ್ಥ್ ವೈರು. ಬೋಲ್ಟಿನ ಸುತ್ತ ಹಸಿರು, ಬಿಳಿ ಪುಡಿ ಉಪ್ಪಿನ ಹಾಗೆ ಕೂತಿತ್ತು. ಬ್ಯಾಟರಿಯ ಆಸಿಡ್, ಅದರ ಮೇಲೆ ಮಳೆ ನೀರು. ವೈರು ಎಳೆದರೆ ರಿಂಗಿನಿಂದ ಹಾಗೇ ಕಳಚಿ ಕೈಗೆ ಬಂತು.

ಅರ್ಥ್ ಸರಿಯಿದ್ದರೂ ಗಾಡಿ ಮಾತಾಡದಿದ್ದರೆ ಇನ್ನೂ ಎರಡು ಜಾಗ ನೋಡಬೇಕು. ಇಸಿಎಂ ಹಲವು ಸೆನ್ಸರ್‌ಗಳಿಗೆ 5 ವೋಲ್ಟ್ ಕೊಡುತ್ತದೆ. ಅವುಗಳಲ್ಲಿ ಒಂದು ಶಾರ್ಟ್ ಆದರೆ ಸಾಕು, ಅದೇ ಸಾಲಿನ ಉಳಿದವೂ ಕೂತುಬಿಡುತ್ತವೆ. ಕೀ ಆನ್ ಇಟ್ಟು, ಮೀಟರ್ ನೋಡುತ್ತಾ ಸೆನ್ಸರ್‌ಗಳ ಕಪ್ಲರ್ ಒಂದೊಂದಾಗಿ ಬಿಚ್ಚಬೇಕು. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಅದೇ ಕಳ್ಳ. ಇನ್ನೊಂದು, ಕ್ಯಾನ್ ಅನ್ನುವ ಜೋಡಿ ವೈರು. ಗಾಡಿಯ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ದಾರಿ ಅದು. ಅದರ ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಸಾಕೆಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ ಎರಡೂ ಸಮಾನಾಂತರವಾಗಿ ಸೇರಿ 60 ಓಮ್ ಬರಬೇಕು. 120 ಬಂದರೆ ಒಂದು ರೆಸಿಸ್ಟರಿನ ಸಂಪರ್ಕ ತಪ್ಪಿದೆ, ಎಲ್ಲೋ ವೈರು ತುಂಡಾಗಿರಬಹುದು. ನಮ್ಮೂರಲ್ಲಿ ಇದು ಎಷ್ಟೋ ಸಲ ಇಲಿ ಮಾಡಿದ ಕೆಲಸ.

ಹಾಗಂತ ಇಸಿಎಂ ಕೆಡುವುದೇ ಇಲ್ಲ ಅಂತಲ್ಲ. ಭಾಯ್ ಮೇಜಿನ ಮೇಲೆ ಅವತ್ತು ಬಿಚ್ಚಿಟ್ಟ ಒಂದು ಬೋರ್ಡಿತ್ತು. ಅದರ ಒಂದು ಟ್ರಾನ್ಸಿಸ್ಟರ್ ಸುತ್ತ ಕಂದು ಕಲೆ, ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಕೆಲವು ಗಾಡಿಗಳಲ್ಲಿ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲನ್ನು ನೇರವಾಗಿ ಈ ಟ್ರಾನ್ಸಿಸ್ಟರೇ ಆನ್-ಆಫ್ ಮಾಡುತ್ತದೆ. ಕಾಯಿಲ್ ಒಳಗೆ ಶಾರ್ಟ್ ಆದರೆ ಕರೆಂಟ್ ಮಿತಿ ಮೀರಿ ಟ್ರಾನ್ಸಿಸ್ಟರ್ ಸುಡುತ್ತದೆ. ಆ ಗಾಡಿಗೆ ಬೇರೆ ಕಡೆ ಹೊಸ ಇಸಿಎಂ ಹಾಕಿದ್ದರು, ಹಳೇ ಕಾಯಿಲ್ ಹಾಗೇ ಬಿಟ್ಟಿದ್ದರು. ಎರಡೇ ದಿನಕ್ಕೆ ಹೊಸದೂ ಸುಟ್ಟಿತು. ಕೊಂದವನನ್ನು ಹಿಡಿಯದೆ ಹೊಸಬನನ್ನು ಅದೇ ಕೋಣೆಗೆ ಕಳಿಸಿದ ಹಾಗೆ. ಇದನ್ನು ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಕಾಯಿಲಿನ ರೆಸಿಸ್ಟೆನ್ಸ್ ಅಳೆಯಲು ಐದು ನಿಮಿಷ ಸಾಕಿತ್ತು.

ಇನ್ನೊಂದು ಶತ್ರು ನೀರು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಕಾರುಗಳು ಮುಳುಗಿದ್ದು ನೆನಪಿದೆ ಅಲ್ವಾ? ನೀರು ನಿಂತ ಬೋರ್ಡಿನಲ್ಲಿ ಕರೆಂಟ್ ಇದ್ದರೆ ಪಾಸಿಟಿವ್ ಕಡೆಯ ತಾಮ್ರ ಕರಗಿ ಪಿನ್ನುಗಳೇ ಸವೆದುಹೋಗುತ್ತವೆ. ಕೀ ಆಫ್ ಇದ್ದರೂ ಇಸಿಎಂನ ಕೆಲವು ಪಿನ್ನುಗಳಿಗೆ ಬ್ಯಾಟರಿ ಕರೆಂಟ್ ಬರ್ತಾನೇ ಇರುತ್ತದೆ. ಮುಳುಗಿದ ಗಾಡಿ ಸ್ಟಾರ್ಟ್ ಆಗುತ್ತಾ ಅಂತ ಸುಮ್ನೆ ನೋಡಲು ಹೋಗಬೇಡಿ. ಸುತ್ತ ನೀರು ಇಳಿದ ಕೂಡಲೇ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ.

ಬದಲಾಯಿಸಲೇಬೇಕು ಅಂತಾದರೆ ಕಪ್ಲರ್ ಕೂತರೆ ಸಾಲದು. ಡಬ್ಬಿಯ ಮೇಲಿನ ಪಾರ್ಟ್ ನಂಬರ್ ಅಕ್ಷರ ಅಕ್ಷರ ಹೊಂದಬೇಕು. ನೋಡಲು ಒಂದೇ ಥರ ಇರುವ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ಸಾಫ್ಟ್‌ವೇರ್ ಇರಬಹುದು. ಆಮೇಲೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್. ಕೀ ಒಳಗಿನ ಸಣ್ಣ ಚಿಪ್ಪಿನ ಗುರುತು ಗಾಡಿಗೆ ಗೊತ್ತಿರುತ್ತದೆ. ಗುಜರಿಯಿಂದ ತಂದ ಇಸಿಎಂ ಬೇರೆ ಗಾಡಿಯ ಗುರುತನ್ನು ನೆನಪಿಟ್ಟುಕೊಂಡಿರುತ್ತದೆ. ಹಾಗಾಗಿ ನಿಮ್ಮ ಕೀ ಹಾಕಿದರೆ ಇಂಜಿನ್ ಹತ್ತಿದ ಹಾಗೆ ಮಾಡಿ ಆಫ್ ಆಗುತ್ತದೆ, ಇಲ್ಲಾ ಹತ್ತುವುದೇ ಇಲ್ಲ. ಎಷ್ಟೋ ಹಳೇ ಮಾದರಿಗಳಲ್ಲಿ ಈ ನೆನಪು ಎಂಟು ಕಾಲಿನ ಒಂದು ಪುಟ್ಟ ಮೆಮೊರಿ ಚಿಪ್ಪಿನಲ್ಲಿರುತ್ತದೆ. ಅದರ ಡೇಟಾ ಹಳೇ ಬೋರ್ಡಿನಿಂದ ಓದಿ ಹೊಸದಕ್ಕೆ ಬರೆಯುತ್ತಾರೆ. ಹಾಗಾಗಿ ಹಳೇ ಇಸಿಎಂ ಸುಟ್ಟಿದ್ದರೂ ಬಿಸಾಡಬೇಡಿ. ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಒತ್ತಡದ ಡೀಸೆಲ್ ಹೋಗುವ) ಗಾಡಿಗಳಲ್ಲಿ ಇನ್ನೊಂದು ಕೆಲಸ ಇರುತ್ತದೆ. ಡೀಸೆಲ್ ಸಿಂಪಡಿಸುವ ಎಷ್ಟೋ ಇಂಜೆಕ್ಟರುಗಳ ಮೇಲೆ ಒಂದೊಂದು ಕೋಡ್ ಕೊರೆದಿರುತ್ತಾರೆ. ಅದನ್ನು ಸಿಲಿಂಡರಿನ ಕ್ರಮದಲ್ಲೇ ಹೊಸ ಇಸಿಎಂಗೆ ತುಂಬದಿದ್ದರೆ ಇಂಜಿನ್ ನಡುಗುತ್ತದೆ, ಹೊಗೆಯೂ ಜಾಸ್ತಿ ಆಗಬಹುದು.

ಭಾವನವರ ಗಾಡಿಗೆ ಇದ್ಯಾವುದೂ ಬೇಕಾಗಲಿಲ್ಲ. ಭಾಯ್ ಬಾಡಿಯನ್ನು ಎಮರಿ ಪೇಪರಿನಲ್ಲಿ ಹೊಳೆಯುವವರೆಗೂ ಉಜ್ಜಿದರು. ಕೆಟ್ಟ ವೈರು ಕತ್ತರಿಸಿ, ಹೊಸ ರಿಂಗ್ ಹಾಕಿ, ಬೋಲ್ಟು ಬಿಗಿದು ಮೇಲೆ ಗ್ರೀಸ್ ಸವರಿದರು. ಬಲ್ಬ್ ಮತ್ತೆ ಹಿಡಿದರೆ ಕಣ್ಣು ಕುಕ್ಕುವ ಬೆಳಕು. ಮೊದಲ ಸೆಲ್ಫ್‌ಗೇ ಇಂಜಿನ್ ಹತ್ತಿತು. ಐಡಲಿಂಗ್, ಅಂದರೆ ನಿಂತಲ್ಲೇ ಇಂಜಿನ್ ತಿರುಗುವ ವೇಗ ಮಾತ್ರ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಭಾವ ಗಾಬರಿಯಾದರು. "ಬ್ಯಾಟರಿ ಬಿಚ್ಚಿದ್ವಲ್ಲ ಸಾರ್, ಕಲಿತದ್ದೆಲ್ಲ ಮರೆತಿದೆ. ಓಡಿಸ್ತಾ ಓಡಿಸ್ತಾ ಮತ್ತೆ ಕಲಿಯುತ್ತೆ" ಅಂದರು ಭಾಯ್. ಮೇಖ್ರಿ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ವೇಗದ ಮೀಟರಿನ ಮುಳ್ಳು ಅಲುಗಾಡದೆ ನಿಂತಿತ್ತು.