ಹುಳುವಿಲ್ಲದ ಹುಳುವಿನ ಉಸಿರು

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಹೊಸ ಹುಳುವೊಂದು ಕಾಣಿಸಿಕೊಂಡಿತು. ಸುಳಿಯೊಳಗೆ ಅಡಗಿ ಎಲೆ ಮೇಯುವುದು, ಗರಗಸದ ಹೊಟ್ಟಿನಂತಹ ಹಿಕ್ಕೆ ಸುರಿಯುವುದು ಅದರ ಚಾಳಿ. ತಲೆಯ ಮೇಲೆ ತಿರುಗಿಸಿಟ್ಟ ‘ವೈ’ ಅಕ್ಷರದ ಗುರುತು. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಹೀಗೆ, ನಮ್ಮ ನೆಲದಲ್ಲೇ. ರೈತರು ಹಿಡಿಶಾಪ ಹಾಕುವ ಈ ಹುಳುವಿನ ಜೀವಕೋಶಗಳು ಮಾತ್ರ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಪ್ರಯೋಗಾಲಯಗಳಲ್ಲಿ ರಾಜೋಪಚಾರ ಪಡೆಯುತ್ತಿವೆ.

ಅಮೆರಿಕದ ವಿಜ್ಞಾನಿಗಳು 1970ರ ದಶಕದಲ್ಲಿ ಇದರ ಪ್ಯೂಪಾದ, ಅಂದರೆ ಹುಳು ಪತಂಗವಾಗುವ ಮುನ್ನಿನ ಹಂತದ, ಅಂಡಾಶಯದಿಂದ ಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಆ ವಂಶದ ಒಂದು ಕವಲೇ ಎಸ್‌ಎಫ್‌9. ಕೀಟಗಳಿಗೆ ತಗಲುವ ಬ್ಯಾಕ್ಯುಲೋವೈರಸ್‌ನೊಳಗೆ ನಮಗೆ ಬೇಕಾದ ಜೀನ್ ಸೇರಿಸಿ ಈ ಕೋಶಗಳಿಗೆ ಸೋಂಕು ತಗಲಿಸಿದರೆ, ಅವು ಸಾಯುವ ಮುನ್ನ ನಮಗೆ ಬೇಕಾದ ಪ್ರೋಟೀನನ್ನು ರಾಶಿಗಟ್ಟಲೆ ತಯಾರಿಸಿಕೊಡುತ್ತವೆ. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫ್ಲೂ ಲಸಿಕೆ ಫ್ಲೂಬ್ಲಾಕ್, ಪುಣೆಯಲ್ಲಿ ತಯಾರಾದ ಕೋವಿಡ್ ಲಸಿಕೆ ಕೋವೊವ್ಯಾಕ್ಸ್, ಎರಡರ ಹಿಂದೆಯೂ ಇರುವುದು ಇದೇ ಪತಂಗದ ಕೋಶಗಳು.

ಇವುಗಳನ್ನು ಸಾಕುವವರಿಗೆ ಆಹಾರದ ಚಿಂತೆಗಿಂತ ಉಸಿರಿನ ಚಿಂತೆ ಹೆಚ್ಚು. ಹುಳುವಿನ ಮೈಯಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವ ಕೆಲಸ ರಕ್ತದ್ದಲ್ಲ. ಮೈಯ ಪಕ್ಕೆಗಳಲ್ಲಿರುವ ರಂಧ್ರಗಳಿಂದ ಹೊರಟ ಸೂಕ್ಷ್ಮ ನಾಳಗಳು ಕವಲೊಡೆಯುತ್ತ ಹೋಗಿ ಗಾಳಿಯನ್ನು ನೇರವಾಗಿ ಅಂಗಾಂಶದ ಬಾಗಿಲಿಗೇ ಮುಟ್ಟಿಸುತ್ತವೆ. ಬಯೋರಿಯಾಕ್ಟರ್ ಎಂಬ ಉಕ್ಕಿನ ಹಂಡೆಯಲ್ಲಿ ಆ ನಾಳಗಳಿಲ್ಲ. ಪೋಷಕ ದ್ರಾವಣದಲ್ಲಿ ತೇಲುವ ಕೋಶಕ್ಕೆ ಸಿಗುವುದು ನೀರಿನಲ್ಲಿ ಕರಗಿದಷ್ಟೇ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಈ ಕೋಶಗಳಿಗೆ ಹಿತವಾದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದು ಬರೀ 8 ಮಿಲಿಗ್ರಾಂ.

ಒಂದು ಕೋಶ ಗಂಟೆಗೆ ಉಸಿರಾಡುವುದು ಸುಮಾರು 10 ಪಿಕೋಗ್ರಾಂ, ಅಂದರೆ ಒಂದು ಗ್ರಾಂನ ಲಕ್ಷ ಕೋಟಿ ಭಾಗಗಳಲ್ಲಿ ಹತ್ತು. ನಗಣ್ಯ ಅನ್ನಿಸಬಹುದು. ಆದರೆ ಪ್ರತಿ ಮಿಲಿಲೀಟರ್‌ನಲ್ಲಿ 50 ಲಕ್ಷ ಕೋಶಗಳು ತುಂಬಿಕೊಂಡಾಗ ಒಂದು ಲೀಟರಿಗೆ ಗಂಟೆಗೆ 50 ಮಿಲಿಗ್ರಾಂ ಬೇಕು. ಗಾಳಿ ನಿಂತರೆ ಇರುವ 8 ಮಿಲಿಗ್ರಾಂ ಹತ್ತು ನಿಮಿಷಕ್ಕೆ ಖಾಲಿ. ಹಾಗೆಂದು ಗಾಳಿಯನ್ನು ಭರ್‍ರೆಂದು ಊದುವಂತೆಯೂ ಇಲ್ಲ. ಈ ಕೋಶಗಳಿಗೆ ಸಸ್ಯಕೋಶಗಳಂತೆ ಗಟ್ಟಿ ಗೋಡೆಯಿಲ್ಲ. ಗುಳ್ಳೆಗೆ ಅಂಟಿಕೊಂಡು ಮೇಲೇರಿದ ಕೋಶ, ಗುಳ್ಳೆ ಒಡೆದಾಗ ತಾನೂ ಒಡೆಯುತ್ತದೆ. ಪ್ಲುರಾನಿಕ್ ಎಂಬ ರಾಸಾಯನಿಕವನ್ನು ಬೆರೆಸಿ ಆ ಅಂಟನ್ನು ತಪ್ಪಿಸುತ್ತಾರೆ. ಹೆಚ್ಚು ಊದಿದರೆ ಸಾವು, ಕಡಿಮೆ ಊದಿದರೆ ಉಸಿರುಗಟ್ಟುವಿಕೆ. ಆದ್ದರಿಂದಲೇ ಎಷ್ಟು ಬೇಕು ಎಂದು ಅಳೆಯಬೇಕು.

ಅಳೆಯುವುದು ಹೇಗೆ? ಒಳಹೋಗುವ ಅನಿಲಕ್ಕೂ ಹೊರಬರುವ ಅನಿಲಕ್ಕೂ ಇರುವ ವ್ಯತ್ಯಾಸ ನೋಡಬಹುದು. ಬ್ಯಾಕ್ಟೀರಿಯಾದಂತಹ ಹೊಟ್ಟೆಬಾಕಗಳಿಗೆ ಅದು ಸರಿ. ಇವುಗಳ ವಿಷಯದಲ್ಲಿ ಆ ವ್ಯತ್ಯಾಸ ತೀರಾ ಅಲ್ಪ, ದುಬಾರಿ ಉಪಕರಣ ಬೇಕು. ನನಗೆ ಮೆಚ್ಚಿಗೆಯಾದದ್ದು ಇನ್ನೊಂದು ವಿಧಾನ. ಮನೆಯಲ್ಲಿ ನೀರು ಎಷ್ಟು ಖರ್ಚಾಗುತ್ತಿದೆ ಎಂದು ತಿಳಿಯಲು ಮೋಟಾರ್ ಆರಿಸಿ, ತಾರಸಿಯ ಟ್ಯಾಂಕಿನ ಮಟ್ಟ ಇಳಿಯುವುದನ್ನು ನೋಡಿದರೆ ಸಾಕಲ್ಲವೇ? ಇಲ್ಲಿಯೂ ಅಷ್ಟೇ. ಗಾಳಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಕರಗಿದ ಆಮ್ಲಜನಕ ಇಳಿಯುವುದನ್ನು ನೋಡುವುದು.

ಕರಗಿದ ಆಮ್ಲಜನಕ, ನೀರು ಹಿಡಿಯಬಲ್ಲದ್ದರ 50 ಶೇಕಡಾ ಎಂದು ಪರದೆಯ ಮೇಲೆ ಇದೆ ಎನ್ನಿ. ಗಾಳಿ ಬಂದ್. ನಾಲ್ಕು ನಿಮಿಷದಲ್ಲಿ ಗೆರೆ 25ಕ್ಕೆ ಇಳಿಯಿತು. ನೂರಕ್ಕೆ 8 ಮಿಲಿಗ್ರಾಂ ಆದರೆ ಇಳಿದದ್ದು 2 ಮಿಲಿಗ್ರಾಂ. ಗಂಟೆಯ ಲೆಕ್ಕದಲ್ಲಿ ಲೀಟರಿಗೆ 30. ಸೂಕ್ಷ್ಮದರ್ಶಕದಡಿ ಎಣಿಸಿದಾಗ ಮಿಲಿಲೀಟರಿಗೆ 30 ಲಕ್ಷ ಕೋಶಗಳಿದ್ದರೆ ತಲಾ 10 ಪಿಕೋಗ್ರಾಂ. ಗೆರೆ ನೇರವಾಗಿ ಇಳಿಯುವುದು ಇಲ್ಲಿನ ಸೊಗಸು: ಆಮ್ಲಜನಕ ತೀರಾ ಕಡಿಮೆಯಾಗುವ ತನಕ ಕೋಶ ತನ್ನ ಉಸಿರಿನ ವೇಗ ತಗ್ಗಿಸುವುದಿಲ್ಲ. ಗೆರೆ ಬಾಗುವ ಮೊದಲೇ ಗಾಳಿ ಬಿಟ್ಟುಬಿಡಬೇಕು.

ಇಷ್ಟು ಸರಳವಾದದ್ದರಲ್ಲೂ ಮೋಸ ಹೋಗಲು ದಾರಿಗಳಿವೆ. ದ್ರಾವಣದ ಮೇಲ್ಭಾಗದ ಖಾಲಿ ಜಾಗದಲ್ಲಿ ಉಳಿದ ಗಾಳಿ ಮೆಲ್ಲಗೆ ಕರಗುತ್ತಲೇ ಇರುತ್ತದೆ, ಮೋಟಾರ್ ಆರಿಸಿದ ಟ್ಯಾಂಕಿಗೆ ಮಳೆನೀರು ಬಿದ್ದಂತೆ. ಅಲ್ಲಿಗೆ ಸಾರಜನಕ ಹಾಯಿಸಿ ಆ ಗಾಳಿಯನ್ನು ಓಡಿಸಬೇಕು. ಹಾಗೆ ಮಾಡಿದಾಗ ಮೇಲ್ಮೈಯಿಂದ ಅಷ್ಟಿಷ್ಟು ಆಮ್ಲಜನಕ ಹೊರಗೆ ಸೋರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನು ಅಳೆಯುವ ಎಲೆಕ್ಟ್ರೋಡ್. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ರಕ್ತದ ಆಮ್ಲಜನಕ ಅಳೆಯಲೆಂದು ರೂಪಿಸಿ 1956ರಲ್ಲಿ ಪ್ರಕಟಿಸಿದ ಸಾಧನದ ವಂಶದ್ದು. ಪೊರೆಯ ಮೂಲಕ ನುಸುಳಿ ಬಂದ ಆಮ್ಲಜನಕವನ್ನು ತಾನೇ ತಿಂದು, ಆಗ ಹರಿಯುವ ವಿದ್ಯುತ್ತಿನಿಂದ ಲೆಕ್ಕ ಹೇಳುತ್ತದೆ. ಪೊರೆ ದಾಟುವ ಹೊತ್ತಿನಿಂದಾಗಿ ಅದರ ವರದಿ ಸ್ವಲ್ಪ ತಡ. ಅದೃಷ್ಟವಶಾತ್ ಗೆರೆ ನೇರವಾಗಿರುವ ತನಕ ಈ ತಡ ಗೆರೆಯನ್ನು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ಇಳಿಜಾರನ್ನು ಬದಲಿಸುವುದಿಲ್ಲ. ಮೊದಲ ಕೆಲವು ಕ್ಷಣಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಆಯಿತು.

ಕೋಶಗಳನ್ನು ಎಣಿಸಿದರೆ ಎಷ್ಟಿವೆ ಎಂದು ಗೊತ್ತಾಗುತ್ತದೆ, ಹೇಗಿವೆ ಎಂದಲ್ಲ. ಗ್ಲುಟಮಿನ್‌ನಂತಹ ಪೋಷಕಾಂಶ ಮುಗಿದಾಗ ಕೋಶಗಳ ಸಂಖ್ಯೆ ಹಾಗೇ ಇರುತ್ತದೆ, ಉಸಿರು ಕುಸಿಯುತ್ತದೆ. ವೈರಸ್ ಒಳಹೊಕ್ಕ ಮೇಲಂತೂ ಕೋಶ ಇಬ್ಭಾಗವಾಗುವುದನ್ನು ನಿಲ್ಲಿಸಿ ಉಬ್ಬುತ್ತದೆ, ಎಂದಿಗಿಂತ ಜೋರಾಗಿ ಉಸಿರಾಡುತ್ತದೆ. ಹೆಚ್ಚುಕಮ್ಮಿ ಒಂದು ದಿನದ ಹೊತ್ತಿಗೆ ಉಸಿರಿನ ವೇಗ ಶಿಖರ ಮುಟ್ಟುತ್ತದೆ. ಅಲ್ಲಿಗೆ ಸೋಂಕು ಹಿಡಿದಿದೆ ಎಂದು ಪರದೆ ನೋಡುತ್ತ ಕುಳಿತವರು ನಿಟ್ಟುಸಿರು ಬಿಡಬಹುದು. ಆಮೇಲೆ ಕೋಶಗಳು ಒಂದೊಂದಾಗಿ ಒಡೆಯುತ್ತವೆ, ಆಮ್ಲಜನಕದ ಬೇಡಿಕೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಅನಿಲದ ಕವಾಟ ತಾನಾಗಿಯೇ ಮುಚ್ಚಿಕೊಳ್ಳತೊಡಗಿದಾಗ ಯಾರಾದರೂ ಎದ್ದು ಹೋಗಿ ಹಂಡೆಯ ತಳದ ನಲ್ಲಿ ತೆರೆಯುತ್ತಾರೆ.